ನಾದವಿದೆ, ಅಕ್ಷರವಿಲ್ಲ

ಸಿಂಥಸೈಸರಿನಲ್ಲಿ ನಾದ ಹೊರಡಿಸುವ ಭಾಗ ಬೇರೆ, ಅಕ್ಷರ ತೋರಿಸುವ ಭಾಗ ಬೇರೆ. ಡಿಸ್‌ಪ್ಲೇ ಕೆಟ್ಟ ಕೀಬೋರ್ಡ್ ಎಂದಿನಂತೆಯೇ ನುಡಿಯುತ್ತದೆ. ಯಾವ ಟೋನ್ ಆಯ್ಕೆಯಾಗಿದೆ, ಟ್ರಾನ್ಸ್‌ಪೋಸ್ ಎಷ್ಟರಲ್ಲಿ ನಿಂತಿದೆ ಎಂಬುದು ಮಾತ್ರ ನುಡಿಸುವವರಿಗೆ ಕಾಣುವುದಿಲ್ಲ. 1970ರ ದಶಕದ ವಾದ್ಯಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ತಿರುಗಣೆ ಇತ್ತು. ಅದು ಯಾವ ಕಡೆ ತಿರುಗಿದೆಯೆಂದು ಕಣ್ಣಿಗೇ ತಿಳಿಯುತ್ತಿತ್ತು. ಆಮೇಲಿನವುಗಳಲ್ಲಿ ತಿರುಗಣೆಗಳೆಲ್ಲ ಮೆನುವಿನೊಳಗೆ ಸೇರಿಕೊಂಡವು. 1983ರ ಯಮಹಾ ಡಿಎಕ್ಸ್7ರಲ್ಲಿ 16 ಅಕ್ಷರಗಳ 2 ಸಾಲಿನ ಡಿಸ್‌ಪ್ಲೇ ಬಂತು. 1987ರ ರೋಲ್ಯಾಂಡ್ ಡಿ-50 ಮತ್ತು 1988ರ ಕಾರ್ಗ್ ಎಂ1ರಲ್ಲಿ ಅದು 40 ಅಕ್ಷರಗಳ 2 ಸಾಲಾಯಿತು. 1999ರ ಕಾರ್ಗ್ ಟ್ರೈಟನ್ ಹೊತ್ತಿಗೆ ಬೆರಳಿನಿಂದ ಮುಟ್ಟುವ, 320×240 ಚುಕ್ಕಿಗಳ ಪರದೆಯೇ ಬಂತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಂಥ ವಾದ್ಯಗಳಿಗೆ ಕೆಲಸ ಸಿಗುವುದು ಆರ್ಕೆಸ್ಟ್ರಾ, ಭಜನೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಪೌರಾಣಿಕ ನಾಟಕದಲ್ಲಿ. ಗುಬ್ಬಿ ವೀರಣ್ಣನವರ (1891–1972) ಜಿಲ್ಲೆಯಿದು. ಕಂಪನಿ ನಾಟಕದ ಕಾಲ ಮುಗಿದರೂ ಊರಿನವರೇ ಬಣ್ಣ ಹಚ್ಚಿ ಬೆಳಗಿನವರೆಗೆ ಆಡುವ ಕುರುಕ್ಷೇತ್ರ ನಿಂತಿಲ್ಲ. ಹಾರ್ಮೋನಿಯಂ ಪಕ್ಕದಲ್ಲಿ ಕೀಬೋರ್ಡೂ ಬಂದು ಕುಳಿತಿದೆ. ಕೃಷ್ಣನ ಪಾತ್ರಧಾರಿ ಕರಿ ಎರಡರ ಶ್ರುತಿಯಲ್ಲಿ ಕಂದ ಎತ್ತಿಕೊಂಡಾಗ ಕೀಬೋರ್ಡ್ ಅರ್ಧ ಸ್ವರ ಮೇಲಿದ್ದರೆ ಪೆಂಡಾಲಿನ ಕೊನೆಯಲ್ಲಿ ಕುಳಿತವರಿಗೂ ಗೊತ್ತಾಗುತ್ತದೆ. ಮುಂದಿನ ಸಂವಾದ ನಾಟಕ ಕಲಿಸುವ ಮೇಷ್ಟ್ರೊಬ್ಬರಿಗೂ ತಿಪಟೂರಿನ ರಿಪೇರಿಯವನೊಬ್ಬನಿಗೂ ನಡುವಿನದು. ಮೇಜಿನ ಮೇಲಿರುವುದು ಕೈ ಬದಲಾಗುತ್ತ ಬಂದ ಒಂದು ಹಳೇ ಎಂ1.

ಮೇಷ್ಟ್ರು: ಸ್ವರ ಚೆನ್ನಾಗಿ ಬರುತ್ತೆ, ಡಿಸ್‌ಪ್ಲೇ ಮಾತ್ರ ಕತ್ತಲು. ಹೊಸದೊಂದು ತರಿಸಿ ಹಾಕಿಬಿಡಪ್ಪ.

ರಿಪೇರಿಯವನು: ತರಿಸೋದು ಆಮೇಲೆ, ಮೇಷ್ಟ್ರೇ. ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಯ್ತಾ ಅಂತ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡ್ತಾರೆ, ಒಡೆದು ನೋಡಲ್ಲ. ಡಿಸ್‌ಪ್ಲೇನೂ ಬಿಚ್ಚೋದಕ್ಕೆ ಮುಂಚೆ ಹೊರಗಿಂದಲೇ ಅರ್ಧ ಗೊತ್ತಾಗುತ್ತೆ. ಪವರ್ ಹಾಕಿ, ಟಾರ್ಚ್ ಓರೆಯಾಗಿ ಹಿಡೀರಿ. ಏನಾದರೂ ಕಾಣುತ್ತಾ?

ಮೇಷ್ಟ್ರು: ಅಕ್ಷರ ಕಾಣ್ತಾ ಇದೆ! ಮಂಕಾಗಿ, ಆದರೆ ಇದೆ.

ರಿಪೇರಿಯವನು: ಹಾಗಾದರೆ ಅಕ್ಷರ ಬರೆಯೋ ಐಸಿ ಬದುಕಿದೆ, ಹಿಂದಿನ ಬೆಳಕು ಸತ್ತಿದೆ. ಡಿಸ್‌ಪ್ಲೇ ಅಂತ ಒಂದೇ ಹೆಸರು ಕರೆದರೂ ಅದರಲ್ಲಿ ಮೂರು ವಸ್ತು ಇವೆ: ಮುಂದೆ ಗಾಜು, ಗಾಜಿನ ಹಿಂದೆ ಬೆಳಕು, ಅದರ ಹಿಂದೆ ಐಸಿಗಳಿರೋ ಬೋರ್ಡು. ಯಾವುದು ಕೆಟ್ಟಿದೆ ಅಂತ ತಿಳಿಯದೆ ಮೂರನ್ನೂ ಎಸೆಯೋದು ದುಬಾರಿ ಅಭ್ಯಾಸ.

ಮೇಷ್ಟ್ರು: ಪೂರ್ತಿ ಖಾಲಿ ಇದ್ದಿದ್ದರೆ?

ರಿಪೇರಿಯವನು: ಮೊದಲು ಕಾಂಟ್ರಾಸ್ಟ್ ತಿರುಗಿಸಿ ನೋಡಬೇಕು. ಸಾಗಿಸುವಾಗ ತಿರುಗಣೆಗೆ ಕೈ ತಾಗಿ ಒಂದು ಕೊನೆಗೆ ಹೋಗಿರುತ್ತೆ, ಜನ ವಾದ್ಯವೇ ಕೆಟ್ಟಿತು ಅಂತ ಹೊತ್ತು ತರ್ತಾರೆ. ಮೇಲಿನ ಸಾಲಲ್ಲಿ ಮಾತ್ರ ಸಾಲಾಗಿ ಕಪ್ಪು ಚೌಕ ನಿಂತಿದ್ದರೆ ಡಿಸ್‌ಪ್ಲೇಗೆ ಕರೆಂಟು ಸಿಕ್ಕಿದೆ, ಮಾತು ತಲುಪಿಲ್ಲ. ತಪ್ಪು ಮುಖ್ಯ ಬೋರ್ಡಿನಲ್ಲೋ ರಿಬ್ಬನ್ ಕೇಬಲ್ಲಿನಲ್ಲೋ ಇರುತ್ತೆ. ನಮ್ಮ ಕಡೆ ಕೇಬಲ್ಲಿಗೆ ಇನ್ನೊಂದು ಶತ್ರು ಇದೆ. ಕೊಬ್ಬರಿ ಅಟ್ಟ ಇರೋ ಮನೆಯಲ್ಲಿ ಇಲಿ ತಪ್ಪಿದ್ದಲ್ಲ, ಮೂಲೆಯಲ್ಲಿ ಒರಗಿಸಿದ ಕೀಬೋರ್ಡಿನ ಒಳಗೂ ಹೊಕ್ಕು ತಂತಿ ಕಡಿಯುತ್ತೆ. ಇನ್ನು ಬೇಸಿಗೆ ಮಧ್ಯಾಹ್ನ ಟೆಂಪೋದಲ್ಲಿ ಬಂದ ವಾದ್ಯದ ಡಿಸ್‌ಪ್ಲೇ ಪೂರ್ತಿ ಕಪ್ಪಾಗಿದ್ದರೆ ನೆರಳಲ್ಲಿಟ್ಟು ಕಾಯಬೇಕು ಅಷ್ಟೇ. ಸಾಮಾನ್ಯ ಎಲ್‌ಸಿಡಿಗೆ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಕೆಲಸ. ಅದರಿಂದ ಬಹಳ ಮೇಲೆ ಹೋದರೆ ಒಳಗಿನ ದ್ರವದ ಶಿಸ್ತು ಮುರಿಯುತ್ತೆ. ತಣ್ಣಗಾದ ಮೇಲೆ ತಾನಾಗೇ ಸರಿಹೋಗುತ್ತೆ.

ಮೇಷ್ಟ್ರು: ದ್ರವಕ್ಕೆ ಎಂಥ ಶಿಸ್ತು?

ರಿಪೇರಿಯವನು: ಅದು ಮಾಮೂಲಿ ದ್ರವ ಅಲ್ಲ, ದ್ರವಸ್ಫಟಿಕ. ನೀರಿನ ಹಾಗೆ ಹರಿಯುತ್ತೆ, ಆದರೆ ಅದರ ಕಡ್ಡಿಯಂಥ ಅಣುಗಳು ಹರಳಿನ ಹಾಗೆ ಒಂದು ದಿಕ್ಕಿಗೆ ಸಾಲು ಹಿಡಿದಿರುತ್ತವೆ. 1888ರಲ್ಲಿ ರೈನಿಟ್ಜರ್ ಅನ್ನೋ ಆಸ್ಟ್ರಿಯಾದ ಸಸ್ಯವಿಜ್ಞಾನಿ ಇದನ್ನ ಮೊದಲು ಗಮನಿಸಿದ್ದು. ಡಿಸ್‌ಪ್ಲೇಯಲ್ಲಿ ಎರಡು ಗಾಜಿನ ನಡುವೆ ಕೆಲವೇ ಮೈಕ್ರಾನ್ ಜಾಗ, ಅದರಲ್ಲಿ ಈ ದ್ರವ. ಗಾಜಿನ ಎರಡೂ ಹೊರಮೈಗೆ ಪೋಲರೈಸರ್ ಹಾಳೆ ಅಂಟಿಸಿರ್ತಾರೆ, ಒಂದು ಅಡ್ಡ, ಒಂದು ಉದ್ದ. ಬರೀ ಹಾಳೆಗಳೇ ಇದ್ದಿದ್ದರೆ ಬೆಳಕು ದಾಟುತ್ತಿರಲಿಲ್ಲ. ನಡುವಿನ ಅಣುಸಾಲು ತಿರುಚಿಕೊಂಡು ನಿಂತಿರೋದರಿಂದ ಬೆಳಕಿನ ದಿಕ್ಕನ್ನೂ ತಿರುಗಿಸಿ ದಾಟಿಸುತ್ತೆ. ಒಂದು ಚುಕ್ಕಿಗೆ ವೋಲ್ಟೇಜ್ ಕೊಟ್ಟರೆ ಅಲ್ಲಿನ ಅಣುಗಳು ತಿರುಚು ಬಿಟ್ಟು ನೆಟ್ಟಗೆ ನಿಲ್ಲುತ್ತವೆ, ಆ ಚುಕ್ಕಿ ಕಪ್ಪಾಗುತ್ತೆ. 5 ಅಡ್ಡ, 8 ಉದ್ದ ಚುಕ್ಕಿ ಸೇರಿದರೆ ಒಂದು ಅಕ್ಷರದ ಮನೆ.

ಮೇಷ್ಟ್ರು: ಇದೆಲ್ಲ ಜಪಾನಿನವರ ವಿದ್ಯೆ ಅಂದುಕೊಂಡಿದ್ದೆ.

ರಿಪೇರಿಯವನು: ಬೆಂಗಳೂರಿನದೂ ಪಾಲಿದೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಅವರು ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಜೊತೆ ಸೇರಿ 1977ರಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕ ಕಂಡುಹಿಡಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳೇ ಹೀಗೆ ಸಾಲು ಹಿಡಿಯೋದು ಅಂತ ಎಲ್ಲರ ಲೆಕ್ಕವಾಗಿತ್ತು. 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನೆಗೇ ಅಂತ ಒಂದು ಕೇಂದ್ರ ಕಟ್ಟಿದ್ದೂ ಅವರೇ. ಓರೆಯಾಗಿ ನೋಡಿದರೆ ಎಲ್‌ಸಿಡಿ ಬಣ್ಣಗೆಡುತ್ತೆ ಅಲ್ವಾ, ಅದನ್ನ ತಡೆಯೋಕೆ ಕಂಪ್ಯೂಟರ್ ಪರದೆಗಳಿಗೆ ಅಂಟಿಸೋ ಹಾಳೆಯಲ್ಲಿ ಇಂಥ ಬಿಲ್ಲೆ ಅಣುಗಳನ್ನೇ ಬಳಸಿದರು. ಈ ಸಣ್ಣ ಡಿಸ್‌ಪ್ಲೇಗೆ ಆ ಭಾಗ್ಯ ಇಲ್ಲ. ಅದಕ್ಕೇ ಹೊಸದನ್ನ ಕೊಳ್ಳುವಾಗ ನೋಡೋ ದಿಕ್ಕು ಕೇಳಿಕೊಳ್ಳಬೇಕು. ಆ ಮಾತು ಮುಂದೆ ಬರುತ್ತೆ.

ಮೇಷ್ಟ್ರು: ಸರಿ, ಇದರಲ್ಲಿ ಬೆಳಕು ತಾನೇ ಹೋಗಿರೋದು. ಅದೊಂದನ್ನೇ ಹಾಕು.

ರಿಪೇರಿಯವನು: ಬೆಳಕಷ್ಟೇ ಆಗಿದ್ದರೆ ಹಾಗೇ ಮಾಡಬಹುದಿತ್ತು. ಎಂ1 ಕಾಲದ ಬಹಳ ವಾದ್ಯಗಳಲ್ಲಿ ಬಲ್ಬೂ ಇಲ್ಲ, ಎಲ್‌ಇಡಿಯೂ ಇಲ್ಲ. ಗಾಜಿನ ಹಿಂದೆ ಕಾಗದದಷ್ಟು ತೆಳು ಹಾಳೆ ಒಂದಿರುತ್ತೆ, ಎಲೆಕ್ಟ್ರೋಲ್ಯುಮಿನೆಸೆಂಟ್ ಹಾಳೆ ಅಂತ, ನಾವು ಇ.ಎಲ್. ಶೀಟ್ ಅಂತೀವಿ. ಅದರ ಮೇಲಿನ ಫಾಸ್ಫರ್ ಪುಡಿಗೆ ಸುಮಾರು 100 ವೋಲ್ಟ್ ಎ.ಸಿ. ಕೊಟ್ಟರೆ ಹಸಿರು-ನೀಲಿ ಬೆಳಕು. ಒಳಗಿರೋ ಪುಟ್ಟ ಇನ್ವರ್ಟರ್ ಆ ವೋಲ್ಟೇಜ್ ಮಾಡಿಕೊಡುತ್ತೆ. ಹಳೇ ವಾದ್ಯ ಆನ್ ಮಾಡಿದಾಗ ಸೊಳ್ಳೆ ದನಿ ಕೇಳೋದು ಅದರದೇ. ಯಾವ ಕಂಪನಿಯದಾದರೂ ಇ.ಎಲ್. ಹಾಳೆ ಕೆಲವು ಸಾವಿರ ಗಂಟೆ ಉರಿದ ಮೇಲೆ ಮಂಕಾಗಲೇಬೇಕು, ತೇವ ತಾಗಿದರೆ ಇನ್ನೂ ಬೇಗ. ತೋಟದ ನಡುವಿನ ಮನೆ, ಮಂಜು ಬೀಳೋ ರಾತ್ರಿ ಬಯಲು ರಂಗ, ಎರಡೂ ಅದಕ್ಕೆ ಆಗಿಬರಲ್ಲ. ಹೊಸ ಹಾಳೆ ತರಿಸಿ ಅದೇ ಅಳತೆಗೆ ಇಟ್ಟರೆ ಮುಗೀತು. ಆದರೆ ಇದರ ಬಲಗಡೆ ಮೂಲೆ ನೋಡಿ, ಟಾರ್ಚಿನ ಬೆಳಕಲ್ಲಿ.

ಮೇಷ್ಟ್ರು: ಮಸಿ ಚೆಲ್ಲಿದ ಹಾಗಿದೆ. ಅಲ್ಲಲ್ಲಿ ಉದ್ದಕ್ಕೆ ಗೆರೆಯೂ ಬಿಟ್ಟುಹೋಗಿದೆ.

ರಿಪೇರಿಯವನು: ಗೆರೆ ಬಿಟ್ಟಿರೋದಕ್ಕೆ ಚಿಕಿತ್ಸೆ ಇದೆ. ಗಾಜಿಗೂ ಬೋರ್ಡಿಗೂ ನಡುವೆ ಜೀಬ್ರಾ ಪಟ್ಟಿ ಅಂತ ರಬ್ಬರಿನ ಪಟ್ಟಿ ಇರುತ್ತೆ, ಒಂದು ಪದರ ಕರೆಂಟ್ ಹರಿಸುತ್ತೆ, ಮುಂದಿನದು ಹರಿಸಲ್ಲ. ಧೂಳು ಕೂತರೆ ಆ ಸಾಲಿನ ಚುಕ್ಕಿಗಳೇ ಮಾಯ. ಚೌಕಟ್ಟನ್ನ ಮೆಲ್ಲಗೆ ಒತ್ತಿದಾಗ ಗೆರೆ ವಾಪಸ್ ಬಂದರೆ ಇದೇ ಕಾರಣ. ಚೌಕಟ್ಟಿನ ಕಿವಿ ತಿರುಗಿಸಿ ಬಿಚ್ಚಿ, ಪಟ್ಟಿಯನ್ನೂ ಗಾಜಿನ ಅಂಚನ್ನೂ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಕೂಡಿಸಿದರೆ ಸಾಕು. ಮಸಿ ಮಾತ್ರ ಬೇರೆ. ಗಾಜಿನ ಅಂಚಿನ ಮುದ್ರೆ ಬಿಟ್ಟು ದ್ರವ ಕೆಡ್ತಾ ಇದೆ. ಅದು ಹರಡುತ್ತೆ, ಹಿಂದೆ ಹೋಗಲ್ಲ. ಈಗ ಹೊಸ ಡಿಸ್‌ಪ್ಲೇ ಮಾತಾಡೋಣ.

ಇಲ್ಲಿಂದ ಮುಂದಿನದು ಕೊಳ್ಳುವ ವಿಚಾರ. ಬದಲಿ ಕೆಲಸ ಹಾಳಾಗುವುದು ಬೆಸುಗೆಯಲ್ಲಿ ಅಪರೂಪ. ಅಳತೆ ತೆಗೆಯದೆ ಅಂಗಡಿಗೆ ಹೋದಾಗಲೇ ಹೆಚ್ಚು.

ಮೇಷ್ಟ್ರು: ಅದೇ ಕಂಪನಿಯ ಡಿಸ್‌ಪ್ಲೇ ಈಗಲೂ ಸಿಗುತ್ತಾ?

ರಿಪೇರಿಯವನು: ಅದೇ ಬೇಕಿಲ್ಲ, ಇದು ಆ ಕಾಲದ ವಾದ್ಯಗಳ ಪುಣ್ಯ. ಇಂಥ ಅಕ್ಷರಸಾಲಿನ ಡಿಸ್‌ಪ್ಲೇಗಳಲ್ಲಿ ಬಹುಪಾಲು ಹಿಟಾಚಿಯ ಎಚ್‌ಡಿ44780 ಅನ್ನೋ ಐಸಿಯ ಭಾಷೆಯನ್ನೇ ಆಡುತ್ತವೆ. ಆ ಐಸಿ ತಯಾರಿಕೆ ನಿಂತರೂ ಅದೇ ಭಾಷೆ ಆಡೋ ಬೇರೆ ಐಸಿಗಳು ಬಂದಿವೆ. ಅದರ ನೆನಪಿನಲ್ಲಿ 80 ಅಕ್ಷರಕ್ಕೆ ಜಾಗ, ಅಂದರೆ 40 ಅಕ್ಷರದ 2 ಸಾಲು ಸರಿಯಾಗಿ ಹಿಡಿಸುತ್ತೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 16 ಅಕ್ಷರದ 2 ಸಾಲಿನದು ಎಷ್ಟು ಬೇಕಾದರೂ ಸಿಗುತ್ತೆ, ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟಿಗೆ ಅದೇ ಬೇಕು. 40 ಅಕ್ಷರದ್ದು ಹುಡುಕಬೇಕು, ಇಲ್ಲ ತರಿಸಬೇಕು. ಅಳತೆ ಸಾಮಾನ್ಯವಾಗಿ 182 ಮಿ.ಮೀ. ಉದ್ದ, 33.5 ಮಿ.ಮೀ. ಅಗಲ, ಆದರೂ ಸ್ಕ್ರೂ ತೂತಿನಿಂದ ತೂತಿಗೆ ಎಷ್ಟು, ಕಿಟಕಿ ಎಷ್ಟು, ದಪ್ಪ ಎಷ್ಟು ಅಂತ ವರ್ನಿಯರ್ ಹಿಡಿದು ಬರೆದುಕೊಂಡೇ ಹೊರಡಬೇಕು. ದಪ್ಪವನ್ನ ಎಲ್ಲರೂ ಮರೀತಾರೆ. ಎಲ್‌ಇಡಿ ಬೆಳಕಿನ ಡಿಸ್‌ಪ್ಲೇ ಇ.ಎಲ್. ಹಾಳೆಯದಕ್ಕಿಂತ ದಪ್ಪ. ಮುಚ್ಚಳ ಹಾಕುವಾಗ ಹಿಂದಿನ ಬೋರ್ಡಿಗೆ ತಾಗಿತು ಅಂದರೆ ಅಷ್ಟೂ ಕೆಲಸ ವ್ಯರ್ಥ.

ಮೇಷ್ಟ್ರು: ನೀಲಿ ಹಿನ್ನೆಲೆ, ಬಿಳಿ ಅಕ್ಷರ ಇರೋದು ಚೆನ್ನಾಗಿ ಕಾಣುತ್ತಲ್ಲ?

ರಿಪೇರಿಯವನು: ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತೆ. ಹಗಲು ಮದುವೆ ಮನೆ ಶಾಮಿಯಾನದಲ್ಲಿ ಓದೋಕಾಗಲ್ಲ, ಯಾಕಂದರೆ ಅದು ಪೂರ್ತಿ ಹಿಂದಿನ ಬೆಳಕಿನ ಮೇಲೇ ನಿಂತಿದೆ. ಹಳದಿ-ಹಸಿರಿನದು ನೋಡೋಕೆ ಹಳೇ ಕಾಲದ್ದು, ಆದರೆ ಹೊರಗಿನ ಬೆಳಕನ್ನೂ ವಾಪಸ್ ಎಸೆದು ಅಕ್ಷರ ತೋರಿಸುತ್ತೆ. ಹಗಲೂ ಸೈ, ರಾತ್ರಿಯೂ ಸೈ. ಆಮೇಲೆ ಆಗ ಹೇಳಿದ ದಿಕ್ಕು. ಕೀಬೋರ್ಡ್ ಮಲಗಿರುತ್ತೆ, ನೀವು ಕೆಳ ಅಂಚಿನ ಕಡೆಯಿಂದ ನೋಡ್ತೀರಿ. ಗಡಿಯಾರದ ಲೆಕ್ಕದಲ್ಲಿ ಇದನ್ನ 6 ಗಂಟೆ ದಿಕ್ಕು ಅಂತಾರೆ. 12 ಗಂಟೆಯದು ತಂದರೆ ಎದ್ದು ನಿಂತು ಬಗ್ಗಿ ನೋಡಬೇಕಾಗುತ್ತೆ. ಇನ್ನೊಂದು, ಅಕ್ಷರ ಕೋಶ. ಐಸಿಯ ಒಳಗೆ ಅಕ್ಷರಗಳ ಆಕಾರ ಅಚ್ಚಾಗಿಯೇ ಇರುತ್ತೆ, ಜಪಾನಿನದು ಒಂದು, ಯುರೋಪಿನದು ಒಂದು. ಇಂಗ್ಲಿಷ್ ಅಕ್ಷರ ಎರಡರಲ್ಲೂ ಒಂದೇ. ಬಾಣದ ಗುರುತಿನಂಥವು ಮಾತ್ರ ಬೇರೆ ಜಾಗದಲ್ಲಿವೆ. ಜಪಾನಿನ ವಾದ್ಯಕ್ಕೆ ಜಪಾನಿನ ಕೋಶವೇ ಇರಲಿ, ಇಲ್ಲದಿದ್ದರೆ ಮೆನುವಿನಲ್ಲಿ ಬಾಣದ ಬದಲು ಏನೇನೋ ಕಾಣುತ್ತೆ.

ಮೇಷ್ಟ್ರು: ಡಿಸ್‌ಪ್ಲೇ ಬಂತು ಅಂತಿಟ್ಟುಕೋ. ಬಿಚ್ಚೋದು ಹೇಗೆ?

ರಿಪೇರಿಯವನು: ಬಿಚ್ಚೋದಕ್ಕೆ ಮುಂಚೆ ಒಳಗಿನ ಟೋನುಗಳನ್ನ ಹೊರಗೆ ತೆಗೆದಿಡಬೇಕು. ಎಂ1ರಲ್ಲಿ 100 ಪ್ರೋಗ್ರಾಂ, 100 ಕಾಂಬಿನೇಷನ್ ಒಂದು ಬಟನ್ ಬ್ಯಾಟರಿಯ ಆಸರೆಯಲ್ಲಿವೆ. ಡಿಸ್‌ಪ್ಲೇ ಕೆಲಸಕ್ಕೆ ಬ್ಯಾಟರಿ ಮುಟ್ಟಬೇಕಿಲ್ಲ, ಆದರೆ ಸ್ಕ್ರೂಡ್ರೈವರ್ ಜಾರಿ ಅದು ಒಂದು ಕ್ಷಣ ಶಾರ್ಟ್ ಆದರೂ ನೆನಪೆಲ್ಲ ಹೋಗುತ್ತೆ. ರಣರಂಗದ ಭೇರಿ, ಶಂಖ ಅಂತ ನೀವು ತಿದ್ದಿ ಇಟ್ಟಿದ್ದೂ ಅದರಲ್ಲೇ ಇರೋದು. ಮಿಡಿ ಕೇಬಲ್ ಹಾಕಿ ಎಲ್ಲವನ್ನೂ ಕಂಪ್ಯೂಟರಿಗೆ ಕಳಿಸಿಡಬಹುದು. 1983ರಲ್ಲಿ ಬಂದ ಮಿಡಿ ಇವತ್ತಿನ ಲ್ಯಾಪ್‌ಟಾಪಿಗೂ ಅರ್ಥವಾಗುತ್ತೆ. ಆಮೇಲೆ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಬೇಕು. 230 ವೋಲ್ಟ್ ಒಳಗಡೆ ಪವರ್ ಸಪ್ಲೈವರೆಗೂ ಬರುತ್ತೆ, ಕೆಪಾಸಿಟರುಗಳು ಕರೆಂಟು ಹಿಡಿದಿಟ್ಟುಕೊಂಡಿರುತ್ತವೆ. ಕೀಲಿಗಳು ಕೆಳಗೆ ಬರೋ ಹಾಗೆ ಬೋರಲು ಹಾಕುವಾಗ ಎರಡು ತುದಿಗೂ ದಿಂಬು ಇಡಬೇಕು, ಇಲ್ಲದಿದ್ದರೆ ಜಾಯ್‌ಸ್ಟಿಕ್ ಮುರಿಯುತ್ತೆ. ಸ್ಕ್ರೂ ಎಲ್ಲ ಒಂದೇ ಉದ್ದ ಇರಲ್ಲ. ಯಾವ ತೂತಿನದು ಯಾವುದು ಅಂತ ರಟ್ಟಿನ ಮೇಲೆ ಬರೆದು ಚುಚ್ಚಿಡಬೇಕು. ಉದ್ದದ್ದು ಗಿಡ್ಡದರ ಜಾಗಕ್ಕೆ ಹೋದರೆ ಬೋರ್ಡಿಗೇ ತೂತು.

ಮೇಷ್ಟ್ರು: ತಂತಿ ಹದಿನಾಲ್ಕಿವೆ. ಯಾವುದು ಯಾವುದಕ್ಕೆ?

ರಿಪೇರಿಯವನು: 1 ನೆಲ, ಅಂದರೆ ಗ್ರೌಂಡ್; 2 ಐದು ವೋಲ್ಟ್, 3 ಕಾಂಟ್ರಾಸ್ಟ್. 4, 5, 6 ಅಪ್ಪಣೆಯ ತಂತಿಗಳು: ಬರೋದು ಆಜ್ಞೆಯೋ ಅಕ್ಷರವೋ, ಬರೆಯಬೇಕೋ ಓದಬೇಕೋ, ಈಗ ತಗೋ ಅನ್ನೋ ಸನ್ನೆ. 7ರಿಂದ 14 ಅಕ್ಷರದ ಎಂಟು ಬಿಟ್. ಹೊಸದರಲ್ಲಿ 15, 16 ಎಲ್‌ಇಡಿ ಬೆಳಕಿಗೆ. ಆದರೆ ಇದನ್ನ ನಂಬಿ ಬೆಸುಗೆ ಹಾಕಬಾರದು. ಕೆಲವದರಲ್ಲಿ 1 ಮತ್ತು 2 ಅದಲುಬದಲು, ಕೆಲವದರಲ್ಲಿ ಒಂದೇ ಸಾಲಿನ ಬದಲು ಎರಡು ಸಾಲು ಪಿನ್. ಅದಲುಬದಲಾದ ಡಿಸ್‌ಪ್ಲೇಗೆ ಕರೆಂಟು ಕೊಟ್ಟರೆ ಆ ಕ್ಷಣವೇ ಸುಡುತ್ತೆ. ಆದ್ದರಿಂದ ಮಲ್ಟಿಮೀಟರ್ ಬೀಪಿನಲ್ಲಿಟ್ಟು ನೆಲ ಯಾವುದು ಅಂತ ಹುಡುಕಿ, ಆಮೇಲೆ ಪವರ್ ಹಾಕಿ ಐದು ವೋಲ್ಟ್ ಯಾವುದು, ಮೂರನೇ ತಂತಿಯಲ್ಲಿ ಎಷ್ಟಿದೆ ಅಂತ ಅಳೆದು ಬರೆದುಕೊಳ್ಳಬೇಕು. ಹೊಸದರ ಜೊತೆ ಬರೋ ಕಾಗದ ಒಂದು ಕೈಯಲ್ಲಿ, ಈ ಬರಹ ಇನ್ನೊಂದು ಕೈಯಲ್ಲಿ.

ಮೇಷ್ಟ್ರು: ಮೂರನೇ ತಂತಿಗೆ ಯಾಕಷ್ಟು ಒತ್ತು?

ರಿಪೇರಿಯವನು: ಹಳೇ ಡಿಸ್‌ಪ್ಲೇ ಕೆಲವಕ್ಕೆ ಕಾಂಟ್ರಾಸ್ಟಿಗೆ ನೆಲಕ್ಕಿಂತ ಕೆಳಗಿನ ವೋಲ್ಟೇಜ್ ಬೇಕಿತ್ತು, ಮೈನಸ್ ವೋಲ್ಟೇಜ್. ಈಗಿನ ಸಾಮಾನ್ಯ ಡಿಸ್‌ಪ್ಲೇಗೆ ನೆಲಕ್ಕಿಂತ ಅರ್ಧ, ಒಂದು ವೋಲ್ಟ್ ಮೇಲಿದ್ದರೆ ಸರಿ. ಹಳೇ ತಂತಿಯನ್ನೇ ಹೊಸದಕ್ಕೆ ಕೊಟ್ಟರೆ ಎಂಬತ್ತು ಮನೆಯೂ ಕಪ್ಪಾಗಿ ನಿಲ್ಲುತ್ತೆ, ಜನ ಹೊಸದೂ ಕೆಟ್ಟದ್ದು ಅಂತ ವಾಪಸ್ ಮಾಡ್ತಾರೆ. ಆಗ ಆ ತಂತಿಯನ್ನ ಬಿಟ್ಟು, 10 ಕಿಲೋ ಓಮಿನ ಒಂದು ಪ್ರೀಸೆಟ್ಟನ್ನ, ಅಂದರೆ ತಿರುಗಿಸೋ ಪುಟ್ಟ ರೆಸಿಸ್ಟರನ್ನ, ಐದು ವೋಲ್ಟಿಗೂ ನೆಲಕ್ಕೂ ನಡುವೆ ಹಾಕಿ, ಅದರ ನಡು ಕಾಲನ್ನ ಮೂರನೇ ಪಿನ್ನಿಗೆ ಕೊಟ್ಟರೆ ಆಯ್ತು. ಹೊರಗಿನ ಕಾಂಟ್ರಾಸ್ಟ್ ತಿರುಗಣೆ ಆಗ ಬರೀ ಅಲಂಕಾರ.

ಮೇಷ್ಟ್ರು: ಬೆಳಕಿನ ತಂತಿ ಹಳೇದರಲ್ಲಿ ಎರಡಿವೆ. ಅದನ್ನೇ 15, 16ಕ್ಕೆ ಕೊಡೋದು ತಾನೇ?

ರಿಪೇರಿಯವನು: ಅದೊಂದು ಮಾತ್ರ ಬೇಡ. ಆ ಎರಡರಲ್ಲಿ ಬರೋದು ಇನ್ವರ್ಟರಿನ 100 ವೋಲ್ಟ್. ಕೈ ತಾಗಿದರೆ ಜುಮ್ಮೆನ್ನುತ್ತೆ, ಎಲ್‌ಇಡಿ ಉಳಿಯಲ್ಲ. ಇನ್ವರ್ಟರಿಗೆ ಹೋಗೋ ಕರೆಂಟನ್ನೇ ತೆಗೆದುಬಿಡಬೇಕು, ಸೊಳ್ಳೆ ದನಿಯೂ ಅದರ ಜೊತೆ ಹೋಗುತ್ತೆ. ಎಲ್‌ಇಡಿಗೆ ಐದು ವೋಲ್ಟಿನಿಂದಲೇ ಕೊಡೋದು, ರೆಸಿಸ್ಟರ್ ಮೂಲಕ. ಲೆಕ್ಕ ಸುಲಭ. ಎಲ್‌ಇಡಿಗೆ 4.2 ವೋಲ್ಟ್ ಬೇಕು ಅಂತ ಕಾಗದದಲ್ಲಿದ್ದರೆ ಉಳಿಯೋದು 0.8 ವೋಲ್ಟ್. 40 ಮಿಲಿಆಂಪ್ ಸಾಕು ಅಂದರೆ 0.8ನ್ನ 0.04ರಿಂದ ಭಾಗಿಸಿ, 20 ಓಮ್. ಅಂಗಡಿಯಲ್ಲಿ ಸಿಗೋದು 22. ಕೆಲವು ಡಿಸ್‌ಪ್ಲೇಯಲ್ಲಿ ರೆಸಿಸ್ಟರ್ ಮೊದಲೇ ಕೂರಿಸಿರ್ತಾರೆ, ಅದನ್ನ ನೋಡಿಕೊಳ್ಳಬೇಕು. ಪೂರ್ತಿ ಪ್ರಖರ ಬೇಕಿಲ್ಲ. ಕತ್ತಲ ಬದಿಯಲ್ಲಿ ಕೂತು ನುಡಿಸುವವರಿಗೆ ಮಂದ ಬೆಳಕೇ ಹಿತ, ಪವರ್ ಸಪ್ಲೈಗೂ ಹೊರೆ ಕಡಿಮೆ.

ಬೆಸುಗೆಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಹಳೆಯ ಡಿಸ್‌ಪ್ಲೇಯನ್ನು ಹೇಗೂ ತೆಗೆಯುವುದರಿಂದ ಅದರ ಕಡೆಯ ತುದಿಯಲ್ಲೇ ತಂತಿಗಳನ್ನು ಕತ್ತರಿಸುವುದು ಲೇಸು. ಮುಖ್ಯ ಬೋರ್ಡಿನ ಕಡೆ ಕಾಯಿಸಿದರೆ ತೂತಿನ ತಾಮ್ರ ಎದ್ದುಬರುವ ಅಪಾಯವಿದೆ. 25 ವ್ಯಾಟಿನ ಐರನ್, 63/37ರ ಸೋಲ್ಡರ್ ಸಾಕು. ಅದು 183 ಡಿಗ್ರಿಗೆ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುವುದರಿಂದ ಕೈ ಅಲುಗಿದ ಬೆಸುಗೆ ಕಡಿಮೆ. ಚಳಿಗಾಲದ ಒಣ ಹವೆಯಲ್ಲಿ ಮೈಯಲ್ಲಿ ಸೇರುವ ಸ್ಥಿರ ವಿದ್ಯುತ್ತು ಐಸಿಯನ್ನು ಕೊಲ್ಲಬಲ್ಲದು. ಕೆಲಸಕ್ಕೆ ಮುಂಚೆ ನೆಲಕ್ಕೆ ಸೇರಿದ ಲೋಹವನ್ನು ಮುಟ್ಟುವುದು ರೂಢಿ. ಹೊಸ ಡಿಸ್‌ಪ್ಲೇಗೆ ನೇರ ಬೆಸುಗೆ ಹಾಕದೆ ಪಿನ್ ಸಾಲು ಮತ್ತು ಕನೆಕ್ಟರ್ ಹಾಕಿದರೆ ಮುಂದಿನ ಸಲ ಬಿಚ್ಚುವವರು ಹರಸುತ್ತಾರೆ.

ಮೇಷ್ಟ್ರು: ಎಲ್ಲ ಸರಿಯಾಗಿ ಹಾಕಿಯೂ ಅಕ್ಷರ ತಪ್ಪು ಬಂದರೆ?

ರಿಪೇರಿಯವನು: ತಪ್ಪು ಹೇಗೆ ಬಂತು ಅನ್ನೋದರಲ್ಲೇ ಉತ್ತರ ಇರುತ್ತೆ. ಪಿಯಾನೋ ಅಂತ ಇಂಗ್ಲಿಷಿನಲ್ಲಿ ಬರಬೇಕು ಅಂದುಕೊಳ್ಳಿ: ಪಿ, ಐ, ಎ, ಎನ್, ಓ. ಅದರ ಬದಲು ಪಿ, ಎಚ್, ಇಮೇಲಿನಲ್ಲಿ ಬರೋ ಅಟ್ ಗುರುತು, ಎನ್, ಎನ್ ಅಂತ ಬಂತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಪಿ 80, ಎನ್ 78, ಎರಡೂ ಸಮ, ಅವು ಕೆಡಲಿಲ್ಲ. ಐ 73, ಎ 65, ಓ 79, ಮೂರೂ ಬೆಸ. ಮೂರೂ ಒಂದೊಂದು ಇಳಿದು 72, 64, 78 ಆದವು. ಅಂದರೆ ಎಂಟು ಬಿಟ್‌ಗಳಲ್ಲಿ ಒಂದರ ಬೆಲೆಯ ಬಿಟ್ ಸೊನ್ನೆಯಲ್ಲೇ ನಿಂತಿದೆ. ಏಳನೇ ಪಿನ್ನಿನ ಬೆಸುಗೆ, ಅದರ ತಂತಿ ನೋಡಬೇಕು. ಉಳಿದ ಏಳನ್ನ ಮುಟ್ಟಬೇಕಿಲ್ಲ.

ಮೇಷ್ಟ್ರು: ಇದು ಹಳೇದರ ಕಥೆಯಾಯ್ತು. ನಮ್ಮ ಹುಡುಗರ ಹತ್ತಿರ ಇರೋದೆಲ್ಲ ಯಮಹಾ ಪಿಎಸ್ಆರ್, ರೋಲ್ಯಾಂಡ್ ಎಕ್ಸ್‌ಪಿಎಸ್-10.

ರಿಪೇರಿಯವನು: ಪಿಎಸ್ಆರ್ ಥರದ ಕೀಬೋರ್ಡಿನ ಗಾಜಿನಲ್ಲಿ ಸ್ವರದ ಗೆರೆ, ಕೀಲಿಮಣೆ ಚಿತ್ರ, ಬೀಟ್ ಗುರುತು ಎಲ್ಲ ಮೊದಲೇ ಆಕಾರ ಕೊಟ್ಟು ಮಾಡಿರ್ತಾರೆ, ಆ ಮಾಡೆಲಿಗೆ ಅಂತಲೇ. ಅದಕ್ಕೆ ಎಸ್.ಪಿ. ರೋಡಿನಲ್ಲಿ ಬದಲಿ ಇಲ್ಲ. ಕಂಪನಿಯ ಬಿಡಿಭಾಗ ಸಿಗಬೇಕು, ಇಲ್ಲ ಅದೇ ಮಾಡೆಲಿನ ಕೆಟ್ಟ ಕೀಬೋರ್ಡಿನಿಂದ ಕಿತ್ತುಕೊಳ್ಳಬೇಕು. ಸಂಪರ್ಕ ಬಿಟ್ಟ ಗೆರೆಗಳನ್ನ ಸರಿಮಾಡಬಹುದು, ಒಡೆದ ಗಾಜನ್ನಲ್ಲ. ಯಾವುದೇ ಹೊಸ ವಾದ್ಯವಾದರೂ ಬದಲಿಗೆ ಮುಂಚೆ ಒಳಗಿನ ಬೋರ್ಡಿನ ನಂಬರ್ ಓದೋದೇ ಮೊದಲ ಕೆಲಸ. ಎನ್ಸೋನಿಕ್ ಇಎಸ್‌ಕ್ಯೂ-1ರಂಥ ಕೆಲವದರಲ್ಲಿ ಎಲ್‌ಸಿಡಿಯೇ ಅಲ್ಲ, ನಿರ್ವಾತ ಗಾಜಿನೊಳಗೆ ತಾನೇ ಹೊಳೆಯೋ ಅಕ್ಷರ. ಅದಕ್ಕೆ ಬೇರೆ ವೋಲ್ಟೇಜು, ಬೇರೆ ದಾರಿ. ಮುಟ್ಟೋ ಪರದೆಯಲ್ಲಿ ಗಾಜಿನ ಮೇಲಿನ ಸ್ಪರ್ಶದ ಹಾಳೆ ಬೇರೆಯೇ ವಸ್ತು. ಬೆರಳು ತಪ್ಪು ಜಾಗ ತೋರಿಸಿದರೆ ಮೊದಲು ಮೆನುವಿನಲ್ಲಿ ಕ್ಯಾಲಿಬ್ರೇಷನ್ ಮಾಡಬೇಕು, ಪರದೆ ಬದಲಿಸೋದು ಆಮೇಲೆ.

ಮೇಷ್ಟ್ರು: ಈಗ ಹೊಳೆಯೋ ಅಕ್ಷರದ ಓಎಲ್‌ಇಡಿ ಬಂದಿದೆಯಂತಲ್ಲ, ಎಂ1ಗೆ ಅದನ್ನ ಹಾಕಬಾರದಾ?

ರಿಪೇರಿಯವನು: ಹಾಕಬಹುದು, ಪಿನ್ನುಗಳೂ ಹೆಚ್ಚುಕಡಿಮೆ ಅವೇ. ಯಾವ ಕಡೆಯಿಂದ ನೋಡಿದರೂ ಕಾಣುತ್ತೆ, ಕಾಂಟ್ರಾಸ್ಟ್ ರಗಳೆ ಇಲ್ಲ. ಆದರೆ ಅದರೊಳಗೆ ವೋಲ್ಟೇಜ್ ಏರಿಸೋ ಸರ್ಕಿಟ್ ಇರುತ್ತೆ, ಅದರ ಸದ್ದು ಕೆಲವೊಮ್ಮೆ ಆಂಪ್ಲಿಫೈಯರಿನಲ್ಲಿ ಕೇಳುತ್ತೆ. ಒಂದೇ ಟೋನಿನ ಹೆಸರು ರಾತ್ರಿಯಿಡೀ ನಿಂತರೆ ಆ ಚುಕ್ಕಿಗಳು ಬೇಗ ಸವೆದು ನೆರಳಿನ ಹಾಗೆ ಉಳಿಯುತ್ತವೆ. ನಾಟಕಕ್ಕೆ ಎಲ್‌ಸಿಡಿಯೇ ವಾಸಿ.

ಮುಚ್ಚುವ ಮುಂಚಿನ ಪರೀಕ್ಷೆ ಬಿಚ್ಚಿಟ್ಟಂತೆಯೇ ನಡೆಯಬೇಕು. ಪವರ್ ಹಾಕಿ, ಕಾಂಟ್ರಾಸ್ಟ್ ಹೊಂದಿಸಿ, ಎರಡೂ ಸಾಲಿನ ಕೊನೆಯ ಅಕ್ಷರದವರೆಗೆ ತುಂಬುವ ಯಾವುದಾದರೂ ಮೆನು ತೆರೆದು ಎಂಬತ್ತು ಮನೆಯನ್ನೂ ನೋಡಬೇಕು. ಒಂದು ಭಾಗ ಸರಿಯಿದ್ದು ಇನ್ನೊಂದು ಭಾಗ ಕೆಟ್ಟಿದ್ದರೆ ಡಿಸ್‌ಪ್ಲೇ ಬೋರ್ಡಿನ ಸಹಾಯಕ ಐಸಿಯೇ ಕೆಟ್ಟಿದೆ, ಅದನ್ನು ಅಂಗಡಿಗೆ ಹಿಂದಿರುಗಿಸಬೇಕು. ಆಮೇಲೆ ಆಂಪ್ಲಿಫೈಯರಿಗೆ ಕೊಟ್ಟು, ಏನೂ ನುಡಿಸದೆ ವಾಲ್ಯೂಮ್ ಏರಿಸಿ, ಬೆಳಕು ಉರಿಯುವಾಗಲೂ ಆರಿಸಿದಾಗಲೂ ಗುಂಯ್‌ಗುಟ್ಟುವ ಸದ್ದಿದೆಯೇ ಎಂದು ಹೋಲಿಸಬೇಕು. ಇದ್ದರೆ ಎಲ್‌ಇಡಿಯ ನೆಲದ ತಂತಿಯನ್ನು ನೇರವಾಗಿ ಪವರ್ ಸಪ್ಲೈ ಹತ್ತಿರಕ್ಕೆ ಒಯ್ದರೆ ಬಹುತೇಕ ಹೋಗುತ್ತದೆ.

ಹೊಸ ಡಿಸ್‌ಪ್ಲೇ ಕೂರಿಸಿ ಮುಚ್ಚುವ ಹೊತ್ತಿನ ಮಾತು ಮುಂದಿನದು.

ಮೇಷ್ಟ್ರು: ಸ್ಕ್ರೂ ಬಿಗಿಯಾಗಿ ಹಾಕು. ಟೆಂಪೋದಲ್ಲಿ ಕುಲುಕಾಡುತ್ತೆ.

ರಿಪೇರಿಯವನು: ಡಿಸ್‌ಪ್ಲೇದು ಬಿಗಿಯಬಾರದು, ಮೇಷ್ಟ್ರೇ. ನಾಲ್ಕು ಮೂಲೆ ಸಮವಾಗಿ, ಕೈಗೆ ಸಿಕ್ಕಷ್ಟು. ಹೆಚ್ಚಾದರೆ ಬೋರ್ಡು ಬಾಗಿ ಜೀಬ್ರಾ ಪಟ್ಟಿ ಬಿಡುತ್ತೆ, ಗೆರೆ ಮಾಯವಾಗೋದು ಮತ್ತೆ ಶುರು. ಕುಲುಕಾಟಕ್ಕೆ ತೂತುಗಳಡಿ ರಬ್ಬರ್ ವಾಷರ್ ಹಾಕಿದೆ. ಹಳೇ ಡಿಸ್‌ಪ್ಲೇ ಇಲ್ಲೇ ಇರಲಿ, ಗಾಜು ಹೋದರೂ ಅದರ ಬೋರ್ಡಿನ ಐಸಿಗಳು ಸರಿಯಿವೆ. ಇನ್ವರ್ಟರೂ ಕೆಟ್ಟಿಲ್ಲ, ಅದು ಸತ್ತಿರೋ ವಾದ್ಯ ಬಂದಾಗ ಬೇಕಾಗುತ್ತೆ. ಮಿಡಿ ಕೇಬಲ್ ಕೊಡಿ, ನಿಮ್ಮ ಟೋನುಗಳನ್ನ ವಾಪಸ್ ಹಾಕಿಬಿಡೋಣ.